ಸೋರದಂತೆ ಹೊಲಿದವರು

ಅಥಣಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಯೇ ನನ್ನ ಹೊಟ್ಟೆ ತುಂಬಿದ್ದು. ಹಾಗಾಗಿ ನಮ್ಮ ಸೀಮೆಯ ನೀರಾವರಿ ಅಂದಕೂಡಲೇ ಉಳಿದವರಿಗೆ ಹಿಡಕಲ್ ಅಣೆಕಟ್ಟು ನೆನಪಾದರೆ ನನಗೆ ಜಾಯಿಂಟು ನೆನಪಾಗುತ್ತದೆ. ಎತ್ತಿದ ನೀರು ದಾರಿಯಲ್ಲೇ ಸೋರಿಹೋಗದಂತೆ ನೋಡಿಕೊಂಡವರು ಯಾರು? ಇಂಜಿನ್ ಬರುವ ತನಕ ಅದು ತೊಗಲು ಹದ ಮಾಡುವ ಢೋರರ, ಹೊಲಿಯುವ ಸಮಗಾರರ ಕೆಲಸ.

ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ತೋಟದ ಬಾವಿಗೆ ಎತ್ತು ಕಟ್ಟಿ ಎಳೆಯುತ್ತಿದ್ದ ಕಪಿಲೆ ಎಂದರೆ ನೂರು ಲೀಟರಿಗೂ ಮಿಕ್ಕಿ ನೀರು ಹಿಡಿಯುವ ತೊಗಲಿನ ಚೀಲ, ಅದಕ್ಕೊಂದು ಸೊಂಡಿಲು. ಹೊಲಿಗೆ ಸಡಿಲವಾದರೆ ಚೀಲ ಮೇಲೆ ಬರುವಷ್ಟರಲ್ಲಿ ಅರ್ಧ ನೀರು ಬಾವಿಗೇ ವಾಪಸ್. ಜಾಲಿ ತೊಗಟೆ, ಅಳಲೆಕಾಯಲ್ಲಿ ಹದಗೊಂಡ ತೊಗಲಿಗೆ ಬಾರಿಗಿಂತ ಸಣ್ಣ ತೂತು ಕೊರೆದು, ತೊಗಲ ಬಾರಿನಿಂದಲೇ ಬಿಗಿದು ಹೊಲಿಯುತ್ತಿದ್ದರು. ನೀರು ತಾಗಿದರೆ ಬಾರು ಉಬ್ಬಿ ತೂತು ತಾನೇ ಮುಚ್ಚಿಕೊಳ್ಳುತ್ತಿತ್ತು. ಒಣಗಿ ಸೀಳದಿರಲಿ ಎಂದು ಕಾಯಿಸಿ ಕರಿದಾಗಿಸಿದ ಕುಸುಬಿ ಎಣ್ಣೆ ಸವರುವುದಿತ್ತು. ಇಷ್ಟಕ್ಕೆಲ್ಲ ಕೂಲಿ ಸುಗ್ಗಿಯಲ್ಲಿ ಸಿಗುವ ಆಯದ ಕಾಳು.

ತೊಗಲಿನ ಚೀಲದಲ್ಲಿ ಬಂದ ನೀರನ್ನು ಊರೆಲ್ಲ ಕುಡಿಯಿತು. ಚೀಲ ಹೊಲಿದವನು ಮಾತ್ರ ಊರ ಬಾವಿ ಮುಟ್ಟುವಂತಿರಲಿಲ್ಲ. ಡಾ. ಅಂಬೇಡ್ಕರರು 1925ರ ಏಪ್ರಿಲ್‌ನಲ್ಲಿ ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದು ನಮ್ಮ ಸೀಮೆಯ ನಿಪ್ಪಾಣಿಯಲ್ಲಿ. ಇಂಥದೇ ನಿಷೇಧವಿದ್ದ ಮಹಾಡದ ಚವದಾರ ಕೆರೆಯ ನೀರನ್ನು ಅವರು ಮುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ.

ಕಪಿಲೆಯನ್ನು ಮೂಲೆಗೆ ಸರಿಸಿದ ಪಂಪು ಬಂದದ್ದು ದೂರದಿಂದೇನಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಟ್ಟಿದ ಕಿರ್ಲೋಸ್ಕರವಾಡಿ, ಕಾಗವಾಡ ದಾಟಿ ಮಿರಜ, ಸಾಂಗ್ಲಿಯ ಆಚೆಗಿದೆ. ಅಲ್ಲಿಯ ಪಂಪುಗಳ ಜತೆ ನಮಗೆ ಹೊಸ ಬಗೆಯ ಸೋರಿಕೆಯೂ ಬಂತು. ಸಕ್ಷನ್ ಪೈಪು ಸೋರಿದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಮೋಟಾರ್ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಏರುವುದಿಲ್ಲ. ಅಂಥಲ್ಲಿ ಊದುಬತ್ತಿ ಹಚ್ಚಿ ಜಾಯಿಂಟಿನ ಹತ್ತಿರ ಹಿಡಿಯುತ್ತಿದ್ದೆವು. ಹೊಗೆ ಎಲ್ಲಿ ಒಳಗೆಳೆಯಿತೋ ಅಲ್ಲೇ ತೂತು. ಸಕ್ಷನ್ ಪೈಪಿನ ತುದಿಯ ಫುಟ್‌ವಾಲ್ವ್ ಸೋರುತ್ತಿದ್ದರೆ ರೈತರು ಸಗಣಿ ನೀರು ಸುರಿದು ಪಂಪ್ ಎತ್ತಿಸುತ್ತಿದ್ದರು.

ಇಲ್ಲೂ ತೊಗಲು ಪೂರ್ತಿ ಬಿಟ್ಟುಹೋಗಿರಲಿಲ್ಲ. ಫುಟ್‌ವಾಲ್ವಿನ ವಾಶರ್ ತೊಗಲಿನದು, ಕಬ್ಬಿಣದ ಪೈಪಿನ ಆಟೆಗೆ (ತಿರುಪಿನ ಗೆರೆಗೆ) ಸೆಣಬಿನ ಎಳೆ, ಮೇಲೆ ಸಫೇದಾ ಎಂಬ ಬಿಳಿ ಲೇಪ. ಶಾಫ್ಟಿನ ಸುತ್ತ ಗ್ಲ್ಯಾಂಡಿನೊಳಗೆ ಎಣ್ಣೆ ಹಿಡಿದ ಹಗ್ಗ. ನನಗೆ ಕೆಲಸ ಕಲಿಸಿದ ಮಿಸ್ತ್ರಿ, "ಗ್ಲ್ಯಾಂಡ್ ಪೂರಾ ಬಿಗಿಬ್ಯಾಡೋ, ಹನಿ ಹನಿ ಬೀಳಲಿ, ಇಲ್ಲಾಂದ್ರ ಶಾಫ್ಟ್ ಸುಡತೈತಿ" ಅನ್ನುತ್ತಿದ್ದ. ತೊಗಲು, ಸೆಣಬು ಎರಡೂ ನೀರು ಕುಡಿದು ಉಬ್ಬಿ ಸೋರಿಕೆ ತಡೆಯುವಂಥವು. ಈಗಿನ ರಬ್ಬರು, ಟೆಫ್ಲಾನ್ ಟೇಪು ನೀರನ್ನು ಹತ್ತಿರವೇ ಸೇರಿಸುವುದಿಲ್ಲ. ಕೈಯ ತಪ್ಪನ್ನು ಮೊದಲಿನವು ಸ್ವಲ್ಪ ಸರಿದೂಗಿಸುತ್ತಿದ್ದವು, ಇವು ಸರಿದೂಗಿಸುವುದಿಲ್ಲ.

ಹಾಗಾಗಿ ಮೊಮ್ಮಗನ ಮೀನಿನ ತೊಟ್ಟಿಗೆ ಪೈಪು ಕೂಡಿಸುವಾಗ ಅವನಿಗೆ ಹೀಗೆ ಹೇಳಿದೆ: ಗಾಜು ಒರೆಸಿ, ರಬ್ಬರ್ ವಾಶರನ್ನು ನೀರಿನ ಬದಿಗೆ ಕೂಡಿಸು. ಕೈಯಿಂದ ಬಿಗಿದ ಮೇಲೆ ಪಾನಾ ಹಾಕಿ ಜಗ್ಗಬೇಡ, ಗಾಜು ಬಿರಿಯುತ್ತದೆ. ಟೇಪನ್ನು ಆಟೆ ತಿರುಗುವ ದಿಕ್ಕಿಗೇ ಸುತ್ತು. ಸಫೇದಾ ಹಚ್ಚಬೇಡ, ಅದರಲ್ಲಿ ಸೀಸ ಇರಬಹುದು, ಮೀನಿಗೆ ಅದು ವಿಷ. ನೀರು ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಜಾಯಿಂಟಿನ ಕೆಳಗೆ ಒಣ ಕಾಗದ ಒತ್ತಿ ನೋಡು.

ಕಪಿಲೆ ಹೋದ ಮೇಲೆ ಈ ಭಾಗದ ಸಮಗಾರರಿಗೆ ಉಳಿದದ್ದು ಚಪ್ಪಲಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಕುಶಲಕರ್ಮಿಗಳೆಂಬ ಮನ್ನಣೆ ಹಾಗೆ ಬಂತು. ಆದರೆ ಅವರು ಈ ಸೀಮೆಯ ಮೊದಲ ನೀರಾವರಿ ತಂತ್ರಜ್ಞರೂ ಹೌದು. ಅಣೆಕಟ್ಟು, ಕಾಲುವೆಯಿಂದ ಶುರುವಾಗುವ ನಮ್ಮ ನೀರಾವರಿಯ ಚರಿತ್ರೆಗೆ ಇವರಿಂದ ಶುರುವಾಗುವ ಒಂದು ಅಧ್ಯಾಯ ಸೇರಲೇಬೇಕು.