ಛಾಯಾಚಿತ್ರ ಸಂರಕ್ಷಣೆ ಹಾಗೂ ಸ್ಮರಣ ಆಲ್ಬಂ ಘಟಕಗಳು: ಗ್ರಾಹಕರನ್ನು ಪಡೆಯುವ ಬಗೆ

ಮೈಸೂರಿನ ಹಳೆಯ ಮನೆಗಳಲ್ಲಿರುವ ಕಪ್ಪು-ಬಿಳುಪು ಭಾವಚಿತ್ರಗಳು ತೇವ, ಬೂಷ್ಟು ಹಾಗೂ ಅಂಟುಹಾಳೆಯ ಆಲ್ಬಂಗಳಿಂದ ಹಾಳಾಗುತ್ತವೆ. ಇವುಗಳ ಸಂರಕ್ಷಣೆಯನ್ನು ಕಿರು ಉದ್ಯಮವಾಗಿ ಕೈಗೊಳ್ಳಬಹುದು.

ಗ್ರಾಹಕರು: ಷಷ್ಟ್ಯಬ್ದಿ, ವಿವಾಹ ವಾರ್ಷಿಕೋತ್ಸವ ಆಚರಿಸುವ ಕುಟುಂಬಗಳು, ಮಕ್ಕಳು ವಿದೇಶದಲ್ಲಿರುವ ಹಿರಿಯರು, ಹಳೆಯ ವಿದ್ಯಾಸಂಸ್ಥೆಗಳು. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಯಾಗಿದ್ದು, ಹಳೆಯ ವಿದ್ಯಾರ್ಥಿ ಸಂಘಗಳನ್ನು ಸಂಪರ್ಕಿಸಬಹುದು.

ಪ್ರಚಾರ: ಸ್ಟುಡಿಯೋ, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಹಾಗೂ ಕಲ್ಯಾಣ ಮಂಟಪಗಳಲ್ಲಿ ಮಾದರಿ ಆಲ್ಬಂ ಇರಿಸುವುದು, ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ಮಳಿಗೆ ಪಡೆಯುವುದು.

ವಿಶ್ವಾಸ: ಮೂಲಚಿತ್ರ ಕಳೆದುಹೋದಲ್ಲಿ ಮತ್ತೆ ದೊರೆಯದು. ಆದ್ದರಿಂದ ಚಿತ್ರಗಳನ್ನು ಗ್ರಾಹಕರೆದುರೇ ಎಣಿಸಿ ರಸೀದಿ ನೀಡತಕ್ಕದ್ದು. ತಿದ್ದುಪಡಿಯನ್ನು ಸ್ಕ್ಯಾನ್ ಪ್ರತಿಯಲ್ಲಿ ಮಾತ್ರ ಮಾಡಿ, ಮೂಲಚಿತ್ರಗಳನ್ನು ಆಮ್ಲರಹಿತ ಕಾಗದದಲ್ಲಿರಿಸಿ ಹಿಂದಿರುಗಿಸತಕ್ಕದ್ದು.

ನೋಂದಣಿ: ಉದ್ಯಮ್ ನೋಂದಣಿ ಉಚಿತವಾಗಿರುತ್ತದೆ. ಹೆಚ್ಚಿನ ಮಾಹಿತಿಗಾಗಿ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.