ಗಡಿಯ ಗೆರೆ, ಒಳಗಿನ ಗೆರೆ: ರೆಜೆಕ್ಸ್ ಚಿಹ್ನೆಗಳ ಚರಿತ್ರೆ

ಕಾಸರಗೋಡಿನ ಕನ್ನಡ ಭೂದಾಖಲೆಗಳನ್ನು ಟೈಪ್ ಮಾಡುವಾಗ ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೇನೆ.

ಸರ್ವೆ ನಂಬರ್ 45/2 ಬರುವ ಕಡೆಯೆಲ್ಲ 45/2ಎ ಎಂದು ತಿದ್ದಬೇಕಿತ್ತು. ಓರೆಗೆರೆ ಕೊಟ್ಟರೆ ಆಜ್ಞೆ ಅಲ್ಲೇ ತುಂಡಾಗುತ್ತಿತ್ತು. ಸುಲಭ ಅಂತ ಚುಕ್ಕಿ ಹಾಕಿ 45.2 ಎಂದು ಬರೆದೆ. ಆದರೆ ರೆಜೆಕ್ಸಿನಲ್ಲಿ ಚುಕ್ಕಿ ಎಂದರೆ ಯಾವುದಾದರೂ ಒಂದು ಅಕ್ಷರ. 4512 ಎಂಬ ಪಟ್ಟಾ ನಂಬರೂ ಬದಲಾಯ್ತು, ಯಾರದೋ ಜಮೀನಿನ ಗುರುತೇ ಅಳಿಸಿಹೋಯ್ತು. ಮೂಲ ಕಾಗದ ಕೈಯಲ್ಲಿದ್ದದ್ದಕ್ಕೆ ಸರಿಪಡಿಸೋಕಾಯ್ತು.

ಈ ತೊಡಕಿನ ಬೇರು ಹಳೆಯದು. 1950ರ ದಶಕದಲ್ಲಿ ಗಣಿತಜ್ಞ ಸ್ಟೀಫನ್ ಕ್ಲೀನಿ ಈ ವಿನ್ಯಾಸಗಳನ್ನು ಸೂತ್ರವಾಗಿ ಬರೆದರು. ಕಾಗದದ ಮೇಲಿನ ಸೂತ್ರಕ್ಕೆ ಗಡಿ ಬೇಕಿರಲಿಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 'ಇಡಿ' ಎಂಬ ಎಡಿಟರ್ ಬರೆದಾಗ, ವಿನ್ಯಾಸ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಯಂತ್ರಕ್ಕೆ ಹೇಳಬೇಕಾಯ್ತು. ಅದಕ್ಕೆ ಬಳಸಿದ್ದು ಓರೆಗೆರೆ. ಯುನಿಕ್ಸ್‌ನಲ್ಲಿ ಕಡತಗಳ ದಾರಿಯನ್ನು ಬರೆಯೋದೂ ಇದೇ ಗೆರೆಯಿಂದ. ಹಾಗಾಗಿ ಘರ್ಷಣೆ ಮನೆಯೊಳಗೇ ಹುಟ್ಟಿತು.

ಪರಿಹಾರ ಎರಡು. ಒಂದು, ಒಳಗಿನ ಗೆರೆಯ ಮುಂದೆ ಹಿಂಓರೆಗೆರೆ ಇಟ್ಟು 45\/2 ಎಂದು ಬರೆಯೋದು. ಈ ಹಿಂಓರೆಗೆರೆ ಆಸ್ಕಿ ಸಂಕೇತಕ್ಕೆ ಬಂದದ್ದು ಬಾಬ್ ಬೀಮರ್ ಅವರ ಪ್ರಯತ್ನದಿಂದ; ಆಲ್ಗಾಲ್ ಭಾಷೆಯ ತರ್ಕಚಿಹ್ನೆಗಳನ್ನು /\ ಮತ್ತು \/ ಎಂದು ಜೋಡಿಸಲಿ ಅನ್ನೋದು ಆಗಿನ ಉದ್ದೇಶ. ಎರಡನೆಯದು, ಗಡಿಯನ್ನೇ ಬದಲಿಸೋದು. 'ಸೆಡ್'ನ ಬದಲಿ ಆಜ್ಞೆಯಲ್ಲಿ ಗೆರೆಯ ಜಾಗಕ್ಕೆ # ಹಾಕಬಹುದು. 1987ರಲ್ಲಿ ಲ್ಯಾರಿ ವಾಲ್ ಹೊರತಂದ ಪರ್ಲ್ ಭಾಷೆಯಲ್ಲೂ ಈ ಸ್ವಾತಂತ್ರ್ಯ ಬೆಳೆಯಿತು, ಆವರಣಗಳೂ ಗಡಿಯಾದವು. ಸಾಲುಸಾಲಾಗಿ ಓರೆ ನಿಲ್ಲುವ ಗೆರೆಗಳಿಗೆ ಪರ್ಲ್ ಬಳಗ 'ವಾಲಿದ ಹಲ್ಲುಕಡ್ಡಿ ರೋಗ' ಅಂತ ಹೆಸರಿಟ್ಟಿದೆ.

ಇಲ್ಲೊಂದು ಭೇದ ಗಮನಿಸಿ. ಗಡಿಯನ್ನು ಬದಲಿಸಬಹುದು, ಚುಕ್ಕಿಯ ಅರ್ಥವನ್ನು ಬದಲಿಸೋಕಾಗಲ್ಲ. # ಹಾಕಿದರೂ ಚುಕ್ಕಿ ಚುಕ್ಕಿಯಾಗಿಯೇ ಬೇಕಿದ್ದರೆ \. ಎಂದೇ ಬರೀಬೇಕು. ಇಷ್ಟಾದರೂ 45/2 ಎಂಬುದು 145/2, 45/21ರ ಒಳಗೂ ಸಿಗುತ್ತೆ. ಆದ್ದರಿಂದ ಮೊದಲು ಬರೀ ಹುಡುಕಿ, ಸಿಕ್ಕ ಸಾಲುಗಳನ್ನು ಕಣ್ಣಾರೆ ಓದಿ, ಆಮೇಲೆ ಬದಲಿಸಿ. ದಾಖಲೆಯಲ್ಲಿ ಒಂದು ಗೆರೆ ತಪ್ಪಿದರೂ ಅದರ ಹಿಂದೆ ಒಂದು ಮನೆಯಿದೆ.

ಇಷ್ಟು ಹೇಳಿ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.