ಪರಮಹಂಸರ ಮೂರು ಪಟಗಳು

ಶ್ರೀ ರಾಮಕೃಷ್ಣ ಪರಮಹಂಸರು ಕಾಲು ಮಡಿಸಿ ಕುಳಿತಿರುವ ಕಪ್ಪುಬಿಳುಪಿನ ಪಟವನ್ನು ಕಾಣದವರು ವಿರಳ. ದೇವರ ಮನೆಯಲ್ಲಿ ಹೂವೇರಿಸಿಕೊಂಡಿರುವ ಆ ಪಟವನ್ನು ಚರಿತ್ರೆಯ ದಾಖಲೆಯೆಂದು ನೋಡುವ ರೂಢಿ ನಮ್ಮಲ್ಲಿಲ್ಲ. ಅದು ಹುಟ್ಟಿದ ಬಗೆಯನ್ನು ವಿಚಾರಿಸಿದರೆ ಪೂಜೆಗೇನೂ ಕುಂದು ಬಾರದೆಂದು ನಾವು ನಂಬುತ್ತೇವೆ.

ಪರಮಹಂಸರು ಬದುಕಿದ್ದಾಗ ತೆಗೆದ ಪಟಗಳಲ್ಲಿ ಪ್ರಸಿದ್ಧವಾದುವು ಮೂರು. ಮೊದಲನೆಯದು 1879ರ ಸೆಪ್ಟೆಂಬರ್ 21ರಂದು ಕಲ್ಕತ್ತೆಯಲ್ಲಿ, ಬ್ರಾಹ್ಮಸಮಾಜದ ಮುಂದಾಳು ಕೇಶವಚಂದ್ರ ಸೇನರ ಮನೆಯಲ್ಲಿ ತೆಗೆದುದು. ಪರಮಹಂಸರು ನಿಂತಲ್ಲಿಯೇ ಸಮಾಧಿಸ್ಥರಾಗಿದ್ದಾರೆ. ಒಂದು ಕೈ ಮೇಲಕ್ಕೆದ್ದಿದೆ. ಬೀಳದಂತೆ ಸೋದರಳಿಯ ಹೃದಯನು ಹಿಂದಿನಿಂದ ಹಿಡಿದಿದ್ದಾನೆ. ಬ್ರಾಹ್ಮ ಭಕ್ತರು ನೆಲದ ಮೇಲೆ ಕುಳಿತಿದ್ದಾರೆ. ಆ ಕಾಲದ ಗಾಜಿನ ಫಲಕದೆದುರಿಗೆ ಮನುಷ್ಯನು ಅಲುಗಾಡದೆ ಇರಬೇಕಾಗಿತ್ತು. ಉಳಿದವರು ಪ್ರಯತ್ನಪಟ್ಟು ಸಾಧಿಸಬೇಕಾದ ನಿಶ್ಚಲತೆ ಇವರಿಗೆ ತಾನಾಗಿಯೇ ಬಂದಿತ್ತು. ಪೂಜೆಗೆಂದು ಅಚ್ಚುಮಾಡಿದ ಕೆಲವು ಪ್ರತಿಗಳಲ್ಲಿ ಹೃದಯನನ್ನೂ ಭಕ್ತರನ್ನೂ ಕತ್ತರಿಸಿ ತೆಗೆದಿರುವುದುಂಟು. ಇದು ದೊಡ್ಡ ನಷ್ಟವೆಂದೇ ನಮ್ಮ ಅಭಿಪ್ರಾಯ. ವಿಗ್ರಹಾರಾಧನೆಯನ್ನು ಒಪ್ಪದವರ ಮನೆಯಲ್ಲಿ ಕಾಳಿಯ ಅರ್ಚಕರೊಬ್ಬರಿಗೆ ಅಷ್ಟು ಆದರವಿತ್ತೆಂಬುದಕ್ಕೆ ಕಣ್ಣೆದುರಿನ ಸಾಕ್ಷ್ಯವೇ ಅಲ್ಲಿ ಕತ್ತರಿಗೆ ಬಲಿಯಾಯಿತು.

ಎರಡನೆಯದು 1881ರ ಡಿಸೆಂಬರ್ 10ರದು. ಭಕ್ತರಾದ ಸುರೇಂದ್ರನಾಥ ಮಿತ್ರರು ಅವರನ್ನು ರಾಧಾಬಜಾರಿನ ಬೆಂಗಾಲ್ ಫೋಟೋಗ್ರಾಫರ್ಸ್ ಅಂಗಡಿಗೆ ಕರೆದೊಯ್ದು ಯಂತ್ರದ ಮರ್ಮವನ್ನು ತಿಳಿಯಪಡಿಸಿದರು. ಬರಿಯ ಗಾಜಿನಲ್ಲಿ ನೆರಳು ನಿಲ್ಲದು, ಮದ್ದು ಬಳಿದ ಗಾಜಿನಲ್ಲಿ ನಿಲ್ಲುವುದು; ಭಕ್ತಿಯ ಲೇಪವಿಲ್ಲದ ಮನಸ್ಸಿನಲ್ಲಿ ಉಪದೇಶವೂ ಹಾಗೆಯೇ ನಿಲ್ಲದೆಂದು ಪರಮಹಂಸರು ಅಂದೇ ಇದನ್ನು ದೃಷ್ಟಾಂತವಾಗಿ ಬಳಸಿಕೊಂಡರು. ರಸಾಯನಶಾಸ್ತ್ರವನ್ನು ಇಷ್ಟು ಬೇಗ ವೇದಾಂತಕ್ಕೆ ಒಗ್ಗಿಸಿಕೊಂಡವರು ಕಡಮೆ!

ನಮ್ಮ ಮನೆಗಳಿಗೆ ಬಂದುದು ಮೂರನೆಯದು. ದಕ್ಷಿಣೇಶ್ವರದ ರಾಧಾಕಾಂತ ದೇವಾಲಯದ ಮುಂದೆ ಅದನ್ನು 1883ರಲ್ಲಿ ತೆಗೆದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಭವನಾಥನೆಂಬ ಭಕ್ತನು ಏರ್ಪಾಡು ಮಾಡಿದನು. ತೆಗೆದವರು ಅವಿನಾಶಚಂದ್ರ ದಾಂ. ಪರಮಹಂಸರು ಮೊದಲು ಒಪ್ಪಲಿಲ್ಲವೆಂದೂ, ಭಗವತ್ಪ್ರಸಂಗ ನಡೆಯುತ್ತಿರಲು ಸಮಾಧಿಗೇರಿದಾಗ ಪಟವನ್ನು ತೆಗೆದರೆಂದೂ ಭಕ್ತರು ಬರೆದಿಟ್ಟಿದ್ದಾರೆ. ಅನಂತರ ಗಾಜು ಕೈಜಾರಿ ಬಿದ್ದು ಮೇಲ್ಭಾಗದಲ್ಲಿ ಸೀಳಿತು. ಅವಿನಾಶಚಂದ್ರರು ಒಡೆದ ಭಾಗವನ್ನು ತಲೆಯ ಹಿಂದುಗಡೆ ಕಮಾನಿನಂತೆ ಕತ್ತರಿಸಿ ಉಳಿದುದನ್ನು ಕಾಪಾಡಿದರು. ಪ್ರಭಾವಳಿಯೆಂದು ಕೆಲವರು ಕೈಮುಗಿಯುವ ಆ ಬಾಗು ಗಾಜು ಒಡೆದ ಗುರುತು. ಶಾರದಾದೇವಿಯವರು ಈ ಪಟದ ಪ್ರತಿಯೊಂದನ್ನು ಇಟ್ಟು ಪೂಜಿಸುತ್ತಿದ್ದರು. ಪರಮಹಂಸರೇ ಒಮ್ಮೆ ಅದಕ್ಕೆ ಹೂವೇರಿಸಿದರೆಂದು ಅವರು ಹೇಳಿದ್ದುಂಟು.